ನಟ್ ಎಲ್ಲಾ ಬಿಚ್ಚಿದರೂ ವೀಲ್ ಕದಲದಿದ್ದರೆ

ನಟ್‌ಗಳೆಲ್ಲ ಕೈಗೆ ಬಂದಿವೆ, ಜಾಕಿ ಏರಿಸಿ ಆಗಿದೆ, ವೀಲ್ ಮಾತ್ರ ಇದ್ದಲ್ಲೇ ಕೂತಿದೆ. ಕರಾವಳಿಯಲ್ಲಿ ಅಲಾಯ್ ವೀಲಿನ ಕಾರುಗಳಿಗೆ ಇದು ಮಾಮೂಲು ಕಾಟ. ಇಂಥ ಹೊತ್ತಲ್ಲಿ ಬಹಳಷ್ಟು ಜನ ನಟ್ ಕೂರುವ ತಿರುಪುಗಂಬಿಗಳ, ಅಂದರೆ ಸ್ಟಡ್‌ಗಳ ಮೇಲೆ ಎಣ್ಣೆ ಹೊಡೆಯುತ್ತಾರೆ. ಅದರಿಂದ ಏನೂ ಆಗದು. ವೀಲ್ ಕಚ್ಚಿಕೊಂಡಿರುವುದು ಹಬ್‌ನ (ವೀಲ್ ಕೂರುವ, ಅದರ ಜೊತೆ ತಿರುಗುವ ಭಾಗದ) ನಡುವೆ ಮುಂಚಾಚಿದ ದುಂಡನೆಯ ಕಾಲರಿಗೆ. ಮಾರುತಿ ಸ್ವಿಫ್ಟ್‌ನಲ್ಲಿ ಇದರ ವ್ಯಾಸ 54.1 ಮಿ.ಮೀ., ಫೋಕ್ಸ್‌ವ್ಯಾಗನ್ ಪೋಲೊದಲ್ಲಿ 57.1. ಕಂಪನಿಯಿಂದಲೇ ಬಂದ ವೀಲಿನ ತೂತು ಈ ಕಾಲರಿನ ಮೇಲೆ ಬಿಗಿಯಾಗಿ ಕೂರುತ್ತದೆ. ಹೊರಗೆ ಹಾಕಿಸಿದ ಅಲಾಯ್‌ಗಳಲ್ಲಿ ತೂತು ದೊಡ್ಡದಿದ್ದು ನಡುವೆ ಪ್ಲಾಸ್ಟಿಕ್ ರಿಂಗ್ ಇದ್ದರೆ ಈ ತೊಂದರೆ ಕಡಿಮೆ.

ಕಬ್ಬಿಣದ ಹಬ್, ಅಲ್ಯೂಮಿನಿಯಂ ವೀಲ್, ನಡುವೆ ಉಪ್ಪುನೀರು: ಇಷ್ಟು ಸೇರಿದರೆ ಅಲ್ಲೊಂದು ಸಣ್ಣ ಬ್ಯಾಟರಿಯೇ ತಯಾರು. ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ, ಕಬ್ಬಿಣಕ್ಕೆ ಕೆಂಪು ತುಕ್ಕು ಹಿಡಿಯುತ್ತದೆ. ಎರಡೂ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸಂದಿಯಲ್ಲೇ ಉಬ್ಬಿ ಬಿಗಿಯುತ್ತವೆ. ಹೆದ್ದಾರಿ 66ರಲ್ಲಿ ಮೀನಿನ ಲಾರಿಗಳಿಂದ ಸುರಿಯುವ ನೀರು, ಮಳೆಗಾಲದ ಕೆಸರು, ಕಡಲಗಾಳಿ ಎಲ್ಲವೂ ಇದಕ್ಕೆ ಗೊಬ್ಬರ. ಗಲ್ಫ್‌ನಲ್ಲಿರುವವರು ರಜೆಗೆ ಬಂದಾಗಷ್ಟೇ ಓಡಿಸುವ, ಉಳಿದ ತಿಂಗಳು ಶೆಡ್ಡಿನಲ್ಲೇ ನಿಲ್ಲುವ ಕಾರುಗಳಲ್ಲಿ ಹಿಡಿತ ಇನ್ನೂ ಗಟ್ಟಿ.

ಕೆಲಸಕ್ಕೆ ಇಳಿಯುವ ಮೊದಲು ಒಂದು ಮಾತು. ಕಾರಿನ ಜೊತೆ ಬರುವ ಕತ್ತರಿ ಜಾಕಿಯ ಮೇಲೆ ಗಾಡಿ ನಿಂತಿರುವಾಗ ವೀಲಿಗೆ ಒದೆಯಬೇಡಿ, ಬಡಿಯಬೇಡಿ. ಅದು ನೇರ ಭಾರ ಹೊರಲಿಕ್ಕಷ್ಟೇ ಇರುವುದು. ಪಕ್ಕದಿಂದ ಒಂದು ತಳ್ಳು ಬಿದ್ದರೆ ವಾಲುತ್ತದೆ. ಗಾಡಿಯ ಅಡಿಗೆ ಭಾರ ಹೊರುವ ಸ್ಟ್ಯಾಂಡ್ ಕೊಟ್ಟು, ಎದುರು ತುದಿಯ ಚಕ್ರಗಳಿಗೆ ಕಲ್ಲೋ ಮರವೋ ಒತ್ತಿಟ್ಟ ಮೇಲೆಯೇ ಬಲಪ್ರಯೋಗ. ನಟ್‌ಗಳನ್ನು ನಾಲ್ಕೈದು ಸುತ್ತು ವಾಪಸ್ ಹಾಕಿಡಿ, ಇಲ್ಲದಿದ್ದರೆ ವೀಲ್ ಬಿಟ್ಟ ಗಳಿಗೆಯಲ್ಲಿ ನಿಮ್ಮ ಕಾಲ ಮೇಲೇ ಬೀಳುತ್ತದೆ.

ನಡುವಿನ ಕ್ಯಾಪ್ ತೆಗೆಯಿರಿ. ಕಾಲರ್ ಮತ್ತು ವೀಲ್ ಸೇರುವ ಗೆರೆ ಒಳಗೆ ಕಾಣುತ್ತದೆ, ಕೆಲವೊಮ್ಮೆ ಬಿಳಿ ಹುಡಿಯ ಸಮೇತ. ತುಕ್ಕು ಬಿಡಿಸುವ ಎಣ್ಣೆಯನ್ನು ಸಣ್ಣ ನಳಿಕೆಯಿಂದ ಆ ಗೆರೆಗೇ ಹೊಡೆದು, ವೀಲನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಹೊಡೆಯಿರಿ. ಕನಿಷ್ಠ ಇಪ್ಪತ್ತು ನಿಮಿಷ ಬಿಡಿ. ರಾತ್ರಿಯಿಡೀ ಬಿಟ್ಟರೆ ಇನ್ನೂ ಒಳ್ಳೆಯದು. ಧಾರಾಳವಾಗಿ ಸುರಿದರೆ ಬ್ರೇಕಿನ ಡಿಸ್ಕಿಗೆ ಹರಿದು ಬ್ರೇಕ್ ಹಾಳಾಗುತ್ತದೆ.

ಆಮೇಲೆ ಎಳೆಯಬೇಡಿ, ಅಲ್ಲಾಡಿಸಿ. ಎರಡೂ ಕೈಯಿಂದ ನೇರ ಎಳೆದರೆ ಬಲ ಕಾಲರಿನ ಸುತ್ತಲೂ ಹಂಚಿಹೋಗುತ್ತದೆ. ಟೈರಿನ ಒಂದು ಅಂಚಿಗೆ ಪೆಟ್ಟು ಬಿದ್ದರೆ ವೀಲ್ ಓರೆಯಾಗಲು ನೋಡುತ್ತದೆ, ತುಕ್ಕು ಒಡೆಯುವುದು ಆಗ. ನೆಲದ ಮೇಲೆ ಕೂತು ಹಿಮ್ಮಡಿಯಿಂದ ಟೈರಿನ ಎಡ ಅಂಚಿಗೊಮ್ಮೆ, ಬಲ ಅಂಚಿಗೊಮ್ಮೆ ಒದೆಯಿರಿ, ವೀಲನ್ನು ಕಾಲು ಭಾಗ ತಿರುಗಿಸಿ ಮತ್ತೆ ಒದೆಯಿರಿ. ಬಗ್ಗದಿದ್ದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಮುಂದಿನ ವೀಲಿನ ಒಳಬದಿಯ ಟೈರಿಗೆ ಎರಡಡಿ ಮರದ ಪಕ್ಕಾಸಿನ ತುಂಡು ಆನಿಸಿ ಸಮ್ಮಟಿಗೆಯಿಂದ ಹೊಡೆಯಿರಿ. ಪೆಟ್ಟು ಯಾವತ್ತೂ ರಬ್ಬರಿಗೇ ಬೀಳಬೇಕು: ಅಲಾಯ್ ರಿಮ್ಮಿಗೆ ಬಿದ್ದರೆ ಬಿರುಕು, ಡಿಸ್ಕಿಗೆ ಬಿದ್ದರೆ ಡೊಂಕು. ಹಾರೆ ಹಾಕಿ ಮೀಟುವವರು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಸೆನ್ಸರಿನ ವೈರು ಕಡಿಯುವುದು ಮಾಮೂಲಾದ್ದರಿಂದ ಹಾರೆಯ ಗೊಡವೆಯೇ ಬೇಡ.

ಇನ್ನೂ ಹಟ ಹಿಡಿದರೆ ಕುದಿನೀರು. ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 54 ಮಿ.ಮೀ. ತೂತಿನಲ್ಲಿ 60 ಡಿಗ್ರಿ ಏರಿಕೆಗೆ, ಹಬ್ ಕೂಡ ಅಷ್ಟೇ ಬಿಸಿಯಾದರೂ, ಸುಮಾರು 0.035 ಮಿ.ಮೀ. ಸಡಿಲ ಸಿಗುತ್ತದೆ. ನೋಡಲಿಕ್ಕೆ ಏನೂ ಅಲ್ಲ, ಆದರೆ ಪುಡಿಗಟ್ಟಿದ ತುಕ್ಕಿನ ಹಿಡಿತ ಬಿಡಿಸಲು ಸಾಕು. ಎರಡು ಮೂರು ಲೀಟರ್ ನೀರನ್ನು ವೀಲಿನ ನಡುಭಾಗಕ್ಕೆ ನಿಧಾನವಾಗಿ ಸುರಿದು, ತಣಿಯುವ ಮೊದಲೇ ಒದೆಯಿರಿ. ಗ್ಯಾಸ್ ಟಾರ್ಚ್ ಮಾತ್ರ ಹತ್ತಿರ ತರಬೇಡಿ. ಬೆಂಕಿಗೆ ಅಲಾಯ್ ಮೆತ್ತಗಾಗುತ್ತದೆ, ಕಾದ ರಬ್ಬರಿನಿಂದ ಹೊರಬರುವ ಅನಿಲ ಹೊತ್ತಿಕೊಂಡು ಟೈರ್ ಸಿಡಿಯಬಹುದು. ಗಾಳಿ ತೆಗೆದ ಮಾತ್ರಕ್ಕೆ ಆ ಅಪಾಯ ಹೋಗುವುದಿಲ್ಲ.

ಸ್ಟ್ಯಾಂಡೂ ಇಲ್ಲ, ಸುತ್ತಿಗೆಯೂ ಇಲ್ಲ, ದಾರಿಯಲ್ಲಿ ಪಂಕ್ಚರ್ ಆಗಿದೆ ಎಂದರೆ ಕಾರಿನ ಭಾರವೇ ಗತಿ. ಗಾಡಿ ಕೆಳಗಿಳಿಸಿ, ಆ ಒಂದು ವೀಲಿನ ನಟ್‌ಗಳನ್ನು ಬಿಗಿ ಬಿಟ್ಟಲ್ಲಿಂದ ಎರಡು ಸುತ್ತು ಮಾತ್ರ ಸಡಿಲಿಸಿ. 1.25 ಪಿಚ್ಚಿನ (ಒಂದು ಸುತ್ತಿಗೆ ನಟ್ 1.25 ಮಿ.ಮೀ. ಸರಿಯುವ) ಸ್ಟಡ್ಡಿನಲ್ಲಿ ಎರಡು ಸುತ್ತು ಅಂದರೆ 2.5 ಮಿ.ಮೀ. ಸಂದಿ, ಅದಕ್ಕಿಂತ ಹೆಚ್ಚು ಬೇಡ. ಸಮತಟ್ಟಾದ, ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಮೂರ್ನಾಲ್ಕು ಅಡಿ ಮುಂದೆ ಹೋಗಿ ಬ್ರೇಕ್ ಒತ್ತಿ, ಹಿಂದೆ ಬಂದು ಒತ್ತಿ. ಮುಂದಿನ ವೀಲಾದರೆ ಸ್ಟಿಯರಿಂಗನ್ನು ಆಚೆ ಈಚೆ ಪೂರ್ತಿ ತಿರುಗಿಸಿ. ‘ಟಕ್’ ಎಂಬ ಸದ್ದು ಕೇಳಿದ ಕೂಡಲೇ ನಿಲ್ಲಿಸಿ. ಆಮೇಲೂ ಓಡಿಸಿದರೆ ನಟ್ ಕೂರುವ ತೂತು ಜಜ್ಜಿಹೋಗುತ್ತದೆ, ಸ್ಟಡ್ ಬಾಗುತ್ತದೆ. ಐದಾರು ಸಲಕ್ಕೆ ಬಿಡದಿದ್ದರೆ ನಟ್ ಬಿಗಿದು ಸಹಾಯಕ್ಕೆ ಕರೆಯುವುದೇ ಸರಿ.

ಕಳಚಿದ ಮೇಲಿನ ಕೆಲಸ ಯಾರೂ ಮಾಡುವುದಿಲ್ಲ, ಕಾಟ ಮರುಕಳಿಸುವುದು ಅದಕ್ಕೇ. ತಂತಿ ಬ್ರಷ್‌ನಿಂದ ಕಾಲರನ್ನೂ ವೀಲ್ ಕೂರುವ ಮುಖವನ್ನೂ ಲೋಹ ಕಾಣುವ ತನಕ ಉಜ್ಜಿ. ವೀಲಿನ ತೂತಿಗೆ 120 ನಂಬರಿನ ಎಮರಿ ಪೇಪರ್ ಸಾಕು. ತುಕ್ಕಿನ ಚಕ್ಕೆ ಮುಖದ ಮೇಲೆ ಉಳಿದರೆ ಓಡುವಾಗ ಅದು ಪುಡಿಯಾಗಿ ನಟ್ ಸಡಿಲಾಗುತ್ತದೆ. ಡಿಸ್ಕಿಗೆ ಎಣ್ಣೆ ತಾಗಿದ್ದರೆ ಬ್ರೇಕ್ ಕ್ಲೀನರಿನಿಂದ ಒರೆಸಿ. ಕಾಲರಿಗೆ ಮಾತ್ರ ಆ್ಯಂಟಿ ಸೀಜ್ ಪೇಸ್ಟನ್ನು (ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಅಡಿಯ ಲೋಹ ಕಾಣುವಷ್ಟು ತೆಳ್ಳಗೆ ಸವರಿ. ನನ್ನ ಆಯ್ಕೆ ಅಲ್ಯೂಮಿನಿಯಂ ಅಥವಾ ಸೆರಾಮಿಕ್ ಪೇಸ್ಟ್. ತಾಮ್ರ ಅಲ್ಯೂಮಿನಿಯಂ ಜೊತೆ ಚೆನ್ನಾಗಿ ಬಾಳದು. ಸಾದಾ ಗ್ರೀಸ್ ಬ್ರೇಕಿನ ಬಿಸಿಗೆ ಕರಗಿ ಹರಿಯುತ್ತದೆ. ಸ್ಟಡ್ಡಿನ ತಿರುಪಿನ ಗೆರೆಗಳಿಗೆ ಏನೂ ಹಚ್ಚಬೇಡಿ: ಗೆರೆಗಳು ಜಾರಿದರೆ ಅದೇ ಟಾರ್ಕಿಗೆ (ಬಿಗಿಯಲು ತಿರುಗಿಸುವ ಬಲಕ್ಕೆ) ಎಳೆತ ಹೆಚ್ಚಾಗಿ ಸ್ಟಡ್ ಹಿಗ್ಗುತ್ತದೆ. ನಟ್‌ಗಳನ್ನು ಎದುರುಬದುರಾಗಿ, ಮ್ಯಾನ್ಯುಯಲ್‌ನಲ್ಲಿರುವ ಟಾರ್ಕಿಗೆ ಬಿಗಿಯಿರಿ. ಸ್ಟಡ್, ನಟ್ ಬದಲು ಬೋಲ್ಟ್ ಇರುವ ಪೋಲೊಗೆ ಅದು 120 ನ್ಯೂಟನ್ ಮೀಟರ್, 12 ಮಿ.ಮೀ. ಸ್ಟಡ್ಡಿನ ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ, ವೀಲ್ ತಣ್ಣಗಿರುವಾಗ ಇನ್ನೊಮ್ಮೆ ಟಾರ್ಕ್ ನೋಡಿ.