ವರ್ಷಕ್ಕೆ ನೂರಕ್ಕೆ ಎರಡು

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಫಿಸಿಶಿಯನ್ ಆಗಿರುವ ನನ್ನ ಬಳಿಗೆ, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ 27ರ ಯುವಕನೊಬ್ಬ ಮೊದಲ ಸಲ ಫಿಟ್ಸ್ ಬಂದಾಗ ತಂದೆಯೊಂದಿಗೆ ಬಂದಿದ್ದ. ಎಂಆರ್‌ಐಯಲ್ಲಿ ಮೆದುಳಿನ ಎಡ ಟೆಂಪೊರಲ್ ಹಾಲೆಯ (ಕಿವಿಯ ಬಳಿಯ ಭಾಗ) ಒಳಬದಿಗೆ ಸಣ್ಣ ಎವಿಎಂ, ಅಂದರೆ ಅಪಧಮನಿಗಳು ನೇರವಾಗಿ ಸಿರೆಗಳಿಗೆ ಸೇರಿಕೊಂಡ ರಕ್ತನಾಳಗಳ ಗೋಜಲು, ಕಂಡಿತು, ಒಡೆದ ಗುರುತಿರಲಿಲ್ಲ. 2014ರಲ್ಲಿ ಪ್ರಕಟವಾದ ಅರೂಬಾ ಅಧ್ಯಯನ ನನ್ನ ತಲೆಯಲ್ಲಿತ್ತು. ಒಡೆಯದ ಎವಿಎಂ ಇದ್ದವರಲ್ಲಿ ಬರೀ ಔಷಧಿಯ ಮೇಲಿದ್ದವರೇ ಶಸ್ತ್ರಚಿಕಿತ್ಸೆ, ಎಂಬೊಲೈಸೇಶನ್ (ರಕ್ತನಾಳವನ್ನು ಒಳಗಿನಿಂದ ಮುಚ್ಚುವುದು), ರೇಡಿಯೋಸರ್ಜರಿಗೆ (ವಿಕಿರಣ ಚಿಕಿತ್ಸೆ) ಒಳಗಾದವರಿಗಿಂತ ಚೆನ್ನಾಗಿದ್ದರೆಂದು ಅದು ತೋರಿಸಿತ್ತು. ಫಿಟ್ಸ್ ತಡೆಯುವ ಲೆವೆಟಿರಾಸೆಟಮ್ ಬರೆದು, “ರಕ್ತಸ್ರಾವ ಆಗೋದು ವರ್ಷಕ್ಕೆ ನೂರರಲ್ಲಿ ಇಬ್ಬರಿಗೆ ಅಷ್ಟೇ ಯಜಮಾನ್ರೇ, ಬಿಡುವಾದಾಗ ಬೆಂಗಳೂರಿಗೆ ತೋರಿಸ್ಕೊಂಡು ಬನ್ನಿ” ಎಂದು ಕಳಿಸಿದೆ.

ಐದು ತಿಂಗಳಾದ ಮೇಲೆ, ರಾತ್ರಿ ಎರಡೂವರೆಗೆ ಕ್ಯಾಶುವಾಲ್ಟಿಯಿಂದ ಕರೆ ಬಂತು. ತಲೆನೋವೆಂದು ಚೀರಿ ವಾಂತಿ ಮಾಡಿಕೊಂಡವನು ನಾನು ತಲುಪುವಷ್ಟರಲ್ಲಿ ಕಣ್ಣು ಬಿಡುತ್ತಿರಲಿಲ್ಲ; ಜಿಸಿಎಸ್ (ಪ್ರಜ್ಞೆಯ ಮಟ್ಟದ ಅಂಕ) 15ಕ್ಕೆ 9. ಫಿಟ್ಸ್ ಆದ ನಂತರದ ಮಂಪರಿರಬಹುದೆಂದು ನಾನು ಹತ್ತು ನಿಮಿಷ ಕಾದೆ. ಕಾಯಬಾರದಿತ್ತು. ಸಿಸ್ಟರ್ ಟಾರ್ಚ್ ಬಿಟ್ಟು ನೋಡಿ, “ಸಾರ್, ಎಡಗಡೆ ಪ್ಯೂಪಿಲ್ ದೊಡ್ಡದಾಗಿದೆ” ಎಂದ ಮೇಲೆಯೇ, ಅದು ಮೆದುಳಿನ ಮೇಲೆ ಒತ್ತಡ ಏರುತ್ತಿರುವ ಗುರುತಾದ್ದರಿಂದ, ನಾನು ಸಿಟಿ ಸ್ಕ್ಯಾನಿಗೆ ಕಳಿಸಿದ್ದು. ರಕ್ತ ಮೆದುಳೊಳಗಿನ ದ್ರವದ ಕುಹರವಾದ ವೆಂಟ್ರಿಕಲ್‌ಗೂ ಇಳಿದಿತ್ತು. ಉಸಿರಾಟದ ನಳಿಕೆ ಹಾಕಿ (ಇಂಟ್ಯುಬೇಟ್), ಮೆದುಳಿನ ಊತ ಇಳಿಸುವ ಮ್ಯಾನಿಟಾಲ್ ಓಡಿಸುತ್ತಿರುವಾಗ, ಫಿಲ್ಮಿನ ಕವರನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ತಂದೆ, “ನೂರರಲ್ಲಿ ಇಬ್ಬರಿಗೇ ಅಂದಿದ್ರಲ್ಲ ಸಾರ್” ಎಂದರು. ಆ ದನಿಯಲ್ಲಿ ದೂರಿರಲಿಲ್ಲ, ಅದಕ್ಕೇ ಇಂದಿಗೂ ಚುಚ್ಚುತ್ತದೆ.

ನ್ಯೂರೋಸರ್ಜನ್ ಬೆಳಗಿನ ಜಾವ ಹೆಪ್ಪುಗಟ್ಟಿದ ರಕ್ತ ತೆಗೆದು ಜೀವ ಉಳಿಸಿದರು. ಹೊರಗೆ ಕುಳಿತು ಹಳೆಯ ರಿಪೋರ್ಟನ್ನು ಪೂರ್ತಿ ಓದಿದಾಗ, ರಕ್ತ ಆಳದ ಸಿರೆಗಳಿಗೆ ಮಾತ್ರ ಹರಿಯುತ್ತಿದೆ ಎಂಬ ಮಾತು ನಾಲ್ಕನೇ ಸಾಲಿನಲ್ಲಿತ್ತು. ಹಿಂದೊಮ್ಮೆ ಒಡೆದಿರುವುದು, ಎವಿಎಂ ಮೆದುಳಿನ ಆಳದಲ್ಲಿರುವುದು, ಹರಿವು ಆಳದ ಸಿರೆಗಳಿಗಷ್ಟೇ ಇರುವುದು, ಜೊತೆಗೆ ಅನ್ಯೂರಿಸಮ್ (ರಕ್ತನಾಳದ ಗೋಡೆಯ ಉಬ್ಬು) ಇರುವುದು, ಇವು ಅಪಾಯವನ್ನು ಹೆಚ್ಚಿಸುತ್ತವೆ ಎಂದು ಪಿಜಿ ವಿದ್ಯಾರ್ಥಿಗಳಿಗೆ ಪಾಠ ಹೇಳುವವನು ನಾನೇ. ನಮ್ಮ ಸಾಫ್ಟ್‌ವೇರ್ ರಿಪೋರ್ಟಿನ ಸಾರಾಂಶದ (ಇಂಪ್ರೆಶನ್) ಮೊದಲ ಸಾಲನ್ನಷ್ಟೇ ಹೊರರೋಗಿ ವಿಭಾಗದ (ಒಪಿಡಿ) ಶೀಟಿಗೆ ಎಳೆದುಕೊಳ್ಳುತ್ತದೆ. ಸರಿಪಡಿಸಿ ಎಂದು ಆಡಳಿತಕ್ಕೆ ಮೂರು ಸಲ ಬರೆದಿದ್ದೇನೆ. ಆದರೆ ಪೂರ್ತಿ ರಿಪೋರ್ಟು ಅಂದು ನನ್ನ ಮೇಜಿನ ಮೇಲೆಯೇ ಇತ್ತು. ಅರೂಬಾ ತನ್ನ ರೋಗಿಗಳನ್ನು ಹಿಂಬಾಲಿಸಿದ್ದು ಸರಾಸರಿ 33 ತಿಂಗಳು, ಈ ಹುಡುಗನ ಮುಂದೆ ಇನ್ನೂ ನಲವತ್ತು ವರ್ಷಗಳಿದ್ದವು, ವರ್ಷಕ್ಕೆ ಶೇ. 2 ಎಂದೇ ಹಿಡಿದರೂ 30 ವರ್ಷಗಳಲ್ಲಿ ಅದು ಸುಮಾರು ಶೇ. 45 ಆಗುತ್ತದೆ.

ಬಲಗೈ ಸೋತಿದೆ, ಮಾತು ತಡವರಿಸುತ್ತದೆ. ಫಾಲೋಅಪ್‌ಗೆ ಬಂದಾಗ ತಂದೆ, “ಇನ್ನು ಮುಂದೆ ಎಷ್ಟು ಸಾರ್?” ಎಂದು ಕೇಳಿದರು. ಒಮ್ಮೆ ಒಡೆದ ಮೇಲೆ ಮೊದಲ ವರ್ಷ ನೂರರಲ್ಲಿ 6ರಿಂದ 15 ಜನರಿಗೆ ಮತ್ತೆ ಒಡೆಯಬಹುದು ಎಂದು ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಟ್ಟು, ಅವರು ಕುರ್ಚಿಯಿಂದ ಏಳುವ ಮೊದಲೇ ಬೆಂಗಳೂರಿಗೆ ಫೋನ್ ಮಾಡಿ ದಿನ ಗೊತ್ತುಮಾಡಿದೆ.