ಕಿವಿಯೊಳಗಿನ ಹೊಲಿಗೆ ಮಿಷನ್ನು

ಒಂದು ಇಎನ್‌ಟಿ ಕ್ಲಿನಿಕ್ಕಿನಲ್ಲಿ ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷೆ ಮಾಡುವವಳು. 11 ವರ್ಷದಿಂದ ಇದೇ ಕೆಲಸ. ದಿನಾ ಇಬ್ಬರೋ ಮೂವರೋ "ಕಿವಿ ಗುಂಯ್ ಅನ್ನುತ್ತೆ" ಅಂತ ಬರುತ್ತಾರೆ. ಹೆಚ್ಚಿನವರದು ವಯಸ್ಸಿಗೆ ಬಂದದ್ದು, ಇಲ್ಲವೇ ಮಿಲ್ಲು, ಡಿಜೆ ಸದ್ದಿನಿಂದ ಬಂದದ್ದು. ಕೇಳಿ ಕೇಳಿ ಅಭ್ಯಾಸವಾಗಿ, ಅವರು ಮಾತು ಮುಗಿಸುವ ಮೊದಲೇ ನನ್ನ ಉತ್ತರ ರೆಡಿ ಇರುತ್ತಿತ್ತು. ಎಡವಿದ್ದೂ ಅಲ್ಲೇ.

ಟೈಲರಿಂಗ್ ಮಾಡುವ ಒಬ್ಬ ಹೆಂಗಸು ಬಂದಿದ್ದರು. "ಮೇಡಂ, ಬಲಗಿವಿ ಒಳಗೆ ಯಾರೋ ಮಿಷನ್ ತುಳೀತಾ ಇದ್ದಂಗೆ. ಬುಸ್... ಬುಸ್... ಮಲಗಿದ್ರೆ ಇನ್ನೂ ಜಾಸ್ತಿ." ಅವರ ಕಸುಬೇ ಅದು, ಅದಕ್ಕೆ ಹಾಗೆ ಹೇಳುತ್ತಾರೆ ಅಂದುಕೊಂಡೆ. ಪರೀಕ್ಷೆಯಲ್ಲಿ 250 ಮತ್ತು 500 ಹರ್ಟ್ಸ್‌ನ ದಪ್ಪ ಸ್ವರದ ಸದ್ದು 40 ಡೆಸಿಬೆಲ್‌ಗೆ ಏರಿಸಿದ ಮೇಲಷ್ಟೇ ಕೇಳಿತು. ಉಳಿದದ್ದೆಲ್ಲ ಸರಿಯಿತ್ತು. ಹಿಂದೆ ಬೇರೆಲ್ಲೋ ಮಾಡಿಸಿದ್ದ ಮಿದುಳಿನ ಎಂಆರ್‌ಐ ಕೂಡ ನಾರ್ಮಲ್. "ಸ್ವಲ್ಪ ಕಿವಿ ಮಂದ" ಅಂತ ಬರೆದು, ರಾತ್ರಿ ಫ್ಯಾನ್ ಹಾಕಿಕೊಂಡು ಮಲಗಿ ಅಂತ ಹೇಳಿ ಕಳಿಸಿದೆ.

ಮೂರು ತಿಂಗಳಿಗೆ ಮತ್ತೆ ಬಂದರು. ಹೊರಗೆ ಬೆಂಚಿನ ಮೇಲೆ ಕೂತಿದ್ದರು, ದವಡೆಯ ಕೆಳಗೆ ಎರಡು ಬೆರಳು ಒತ್ತಿಕೊಂಡು. ಕತ್ತು ನೋವಾ ಅಂತ ಕೇಳಿದೆ.

"ಇಲ್ಲ ಮೇಡಂ, ಹಿಂಗೆ ಹಿಡ್ಕೊಂಡ್ರೆ ಸುಮ್ನಾಗ್ತದೆ."

ನನಗೆ ಆಗ ಹೊಳೆಯಿತು. ಒಳಗೆ ಕರೆದು, ಕೇಳುವ ಸದ್ದನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಿ ಅಂದೆ. ಇನ್ನೊಂದು ಕೈಯ ನಾಡಿ ನಾನು ಹಿಡಿದೆ. ತಟ್ಟೂ ನಾಡಿಯೂ ಒಂದೇ ತಾಳ, ಒಂದೂ ತಪ್ಪಲಿಲ್ಲ. ಕತ್ತನ್ನು ಮೆಲ್ಲಗೆ ಒತ್ತಿ ಹಿಡಿಯಲು ಹೇಳಿ ಪರೀಕ್ಷೆ ಮತ್ತೆ ಮಾಡಿದರೆ 250 ಹರ್ಟ್ಸ್ 15 ಡೆಸಿಬೆಲ್‌ಗೇ ಕೇಳಿತು. ಕಿವಿ ಮಂದವಾಗಿರಲೇ ಇಲ್ಲ. ಒಳಗಿನ ಸದ್ದು ನನ್ನ ಸದ್ದನ್ನು ಮುಚ್ಚಿಹಾಕುತ್ತಿತ್ತು, ಅಷ್ಟೇ.

ಹೀಗೆ ನಾಡಿಯ ತಾಳಕ್ಕೆ ಕಿವಿಯಲ್ಲಿ ಕೇಳುವ ಸದ್ದಿಗೆ ಪಲ್ಸಟೈಲ್ ಟಿನಿಟಸ್ ಅನ್ನುತ್ತಾರೆ. ಮಾಮೂಲಿ ಗುಂಯ್ ಸದ್ದು ನಿಜವಾಗಿ ಎಲ್ಲೂ ಇರುವುದಿಲ್ಲ, ಇದು ಮೈಯೊಳಗಿನ ನಿಜವಾದ ಸದ್ದು. ಮಿದುಳಿನಿಂದ ವಾಪಸ್ ಹೋಗುವ ರಕ್ತ ತಲೆಬುರುಡೆಯ ಒಳಮೈಗೆ ಅಂಟಿದ ಅಗಲ ನಾಳಗಳಲ್ಲಿ ಹರಿಯುತ್ತದೆ. ಅದರಲ್ಲೊಂದು ಕಿವಿಯ ಹಿಂದೆಯೇ ಬಾಗಿ ಕತ್ತಿಗಿಳಿಯುತ್ತದೆ. ಕಾಲುವೆ ಇಕ್ಕಟ್ಟಾದ ಕಡೆ ನೀರು ಭೋರ್ ಅನ್ನುತ್ತದಲ್ವಾ, ನಾಳ ಇಕ್ಕಟ್ಟಾದ ಕಡೆ ರಕ್ತವೂ ಹಾಗೆ. ನಾಳಕ್ಕೂ ಕಿವಿಗೂ ನಡುವಿನ ತೆಳು ಮೂಳೆ ಸವೆದಿದ್ದರೆ ಸದ್ದು ಇನ್ನೂ ಜೋರು. ಕತ್ತಿನ ಜುಗುಲರ್ ನಾಳ ಒತ್ತಿದರೆ ಹರಿವು ತಗ್ಗಿ ಸದ್ದು ನಿಲ್ಲುತ್ತದೆ. (ಮನೆಯಲ್ಲಿ ಜೋರಾಗಿ ಒತ್ತಿ ನೋಡಬೇಡಿ. ಪಕ್ಕದಲ್ಲೇ ಮಿದುಳಿಗೆ ಹೋಗುವ ರಕ್ತನಾಳ ಇದೆ.)

ನಮ್ಮ ಡಾಕ್ಟರು ಕಿವಿಯ ಹಿಂದೆ ಸ್ಟೆಥಾಸ್ಕೋಪ್ ಇಟ್ಟು ಕೇಳಿದರು. ರಕ್ತ ಪರೀಕ್ಷೆ, ಕಣ್ಣಿನ ಹಿಂಬದಿಯ ಪರೀಕ್ಷೆ, ಸಿಟಿ ವೀನೋಗ್ರಾಮ್ (ಈ ನಾಳಗಳನ್ನು ತೋರಿಸುವ ಸ್ಕ್ಯಾನ್) ಬರೆದರು. ಕಣ್ಣು ಯಾಕೆ ಅಂದರೆ, ತಲೆಯೊಳಗೆ ಒತ್ತಡ ಜಾಸ್ತಿಯಾದವರಿಗೂ ಈ ನಾಳ ಕಿರಿದಾಗಿರುತ್ತದೆ. ಬಿಟ್ಟರೆ ದೃಷ್ಟಿಯೇ ಹೋಗಬಹುದು. ಇವರ ಕಣ್ಣು ಚೆನ್ನಾಗಿತ್ತು. ಸ್ಕ್ಯಾನಿನಲ್ಲಿ ಮಾತ್ರ ಟ್ರಾನ್ಸ್‌ವರ್ಸ್ ಸೈನಸ್ ಎಂಬ ನಾಳ ಒಂದು ಕಡೆ ಕಿರಿದು, ಅದು ಮುಂದೆ ಸೇರುವ ಸಿಗ್ಮಾಯ್ಡ್ ಸೈನಸ್ ಎಂಬ ನಾಳದ ಗೋಡೆ ಚೀಲದ ಹಾಗೆ ಉಬ್ಬಿತ್ತು. ಹಳೆಯ ಎಂಆರ್‌ಐಯಲ್ಲಿ ಈ ನಾಳಗಳಿಗೆಂದೇ ಚಿತ್ರ ತೆಗೆದಿರಲಿಲ್ಲ.

ರಿಪೋರ್ಟ್ ಹಿಡಿದು ಅವರ ಯಜಮಾನರು ಓಡಿ ಬಂದರು. "ಸೈನಸ್ಸಾ ಮೇಡಂ? ಹಬೆ ತಗೊಂಡ್ರೆ ಸಾಕಲ್ವಾ?" ಮೂಗಿನ ಸೈನಸ್ ಬೇರೆ, ಇದು ರಕ್ತದ ಸೈನಸ್ ಅಂತ ಬಿಡಿಸಿ ಹೇಳುವಷ್ಟರಲ್ಲಿ ನನಗೇ ಸಾಕಾಯಿತು. ಯಾರು ಇಟ್ಟರೋ ಈ ಹೆಸರು!

ಬೆಂಗಳೂರಿನಲ್ಲಿ ತೊಡೆಯ ಮೂಲಕ ಸಣ್ಣ ಟ್ಯೂಬ್ ಹಾಕಿ, ಇಕ್ಕಟ್ಟಿನ ಆಚೆ ಈಚೆ ಒತ್ತಡ ಅಳೆದರು. ವ್ಯತ್ಯಾಸ ಜಾಸ್ತಿಯಿದ್ದುದರಿಂದ ನಾಳವನ್ನು ಅಗಲವಾಗಿ ಹಿಡಿದಿಡುವ ಬಲೆಯಂಥ ಕೊಳವೆ, ಸ್ಟೆಂಟ್, ಕೂರಿಸಿದರು. ಕೆಲವು ತಿಂಗಳು ರಕ್ತ ಹೆಪ್ಪುಗಟ್ಟದ ಮಾತ್ರೆ ನುಂಗಬೇಕು. ಎಚ್ಚರವಾದ ಮೇಲೆ ಅವರು ಮೊದಲು ಕೇಳಿದ್ದು, "ಕರೆಂಟ್ ಹೋಯ್ತಾ?" ಅಂತ. ಅಷ್ಟು ನಿಶ್ಶಬ್ದ!

ಈಗ ಎಲ್ಲರಿಗೂ ಮೇಜು ತಟ್ಟಿಸುತ್ತೇನೆ. ಹಾಗಂತ ಎಲ್ಲರಿಗೂ ಸ್ಟೆಂಟ್ ಬೇಕಿಲ್ಲ. ಹೋದ ತಿಂಗಳು ಒಬ್ಬ ಕಾಲೇಜು ಹುಡುಗಿ ಬಂದಿದ್ದಳು, ಅದೇ ಬುಸ್ ಬುಸ್, ನಾಡಿಯ ಜೊತೆಗೇ. ಅವಳದು ರಕ್ತಹೀನತೆ, ಹಿಮೋಗ್ಲೋಬಿನ್ ಬರೀ 7 ಇತ್ತು. ಕಬ್ಬಿಣದ ಮಾತ್ರೆ ಶುರುವಾಗಿದೆ, ಸದ್ದು ಆಗಲೇ ಅರ್ಧ ಇಳಿದಿದೆಯಂತೆ.