ದರ ಕುದುರಿದ ಮೇಲೆ ಮುರಿದುಕೊಳ್ಳುವ ಹಣ

ದೊಡ್ಡ ಸೂಪರ್‌ಮಾರ್ಕೆಟ್ ಸರಣಿಗಳ ಮಾತೆತ್ತಿದರೆ ಮೊದಲು ಬರುವ ದೂರು ಮಾಲು ಕೊಡುವವರಿಗೆ ಸಿಗುವ ಕಡಿಮೆ ದರದ್ದು. ಆದರೆ ಆಹಾರ ಪೂರೈಕೆಯಲ್ಲಿನ ಅನ್ಯಾಯದ ವ್ಯಾಪಾರ ಪದ್ಧತಿಗಳ ವಿರುದ್ಧ ಐರೋಪ್ಯ ಒಕ್ಕೂಟ 2019ರ ಏಪ್ರಿಲ್‌ನಲ್ಲಿ ತಂದ 2019/633 ಸಂಖ್ಯೆಯ ನಿರ್ದೇಶನದಲ್ಲಿ (ಸದಸ್ಯ ದೇಶಗಳು ತಮ್ಮ ಕಾನೂನಿಗೆ ಅಳವಡಿಸಿಕೊಳ್ಳಬೇಕಾದ ನಿಯಮಗಳಲ್ಲಿ), ಹಾಲಿಗೆ ಇಷ್ಟು ಕೊಡಿ, ಟೊಮೆಟೊಗೆ ಇಷ್ಟು ಕೊಡಿ ಎಂಬ ಒಂದು ಸಾಲೂ ಇಲ್ಲ. ಅದರ ಕಣ್ಣಿರುವುದು ದರ ಕುದುರಿದ ನಂತರದ ನಡವಳಿಕೆಯ ಮೇಲೆ: ಬಿಲ್ಲಿನಿಂದ ಏನೇನು ಮುರಿದುಕೊಂಡರು, ಹಣ ಎಷ್ಟು ದಿನ ತಡೆದರು, ಆರ್ಡರನ್ನು ಯಾವಾಗ ರದ್ದು ಮಾಡಿದರು. ಹಿಡಿಯಬೇಕಾದ ಜಾಗವೇ ಅದು ಎಂಬುದು ನನ್ನ ಅಭಿಪ್ರಾಯ. ದರ ಗಿಟ್ಟದಿದ್ದರೆ ಮಾಲು ಕೊಡುವವರಿಗೆ ಮೊದಲೇ ಗೊತ್ತಾಗುತ್ತದೆ, ಬೇರೆ ಗಿರಾಕಿಯನ್ನು ಹುಡುಕಬಹುದು. ಕಡಿತ ಗೊತ್ತಾಗುವುದು ಮಾಲು ಮಾರಿ ಮುಗಿದ ಮೇಲೆ. ಆಗ ವಾಪಸ್ ತರಲು ಏನೂ ಉಳಿದಿರುವುದಿಲ್ಲ.

ಉದಾಹರಣೆಗೆ ಒಂದು ಬಿಲ್ ಬಿಡಿಸಿ ನೋಡೋಣ. ಲೆಟ್ಯೂಸ್ ಸೊಪ್ಪು 4,000 ಕ್ರೇಟು, ಕ್ರೇಟಿಗೆ 5.50 ಯೂರೋ, ಒಟ್ಟು 22,000. ಬ್ಯಾಂಕಿಗೆ ಬಿದ್ದದ್ದು 18,390. ಜೊತೆಗೆ ಬಂದ ಪಾವತಿ ವಿವರದಲ್ಲಿ ಮೂರು ಸಾಲು. ಗುಣಮಟ್ಟದ ತಕರಾರು, 320 ಕ್ರೇಟು, 1,760 ಯೂರೋ. ಪ್ರಮೋಷನ್ ಪಾಲು, ಕ್ರೇಟಿಗೆ 35 ಸೆಂಟಿನಂತೆ 1,400. ಗ್ರಾಹಕರ ದೂರು ವಿಚಾರಣೆಯ ಖರ್ಚು, 450. ಸೇರಿ 3,610 ಯೂರೋ, ಅಂದರೆ ಬಿಲ್ಲಿನ ಶೇ 16ಕ್ಕೂ ಹೆಚ್ಚು.

ಮೊದಲ ಸಾಲೇ ಅತಿ ಹೆಚ್ಚು ಜಗಳ ಹುಟ್ಟಿಸುವಂಥದ್ದು. ಮಾಲು ಖರೀದಿದಾರರ ಜಾಗದಲ್ಲಿ ಕೆಟ್ಟಿದ್ದರೆ, ಅಥವಾ ಒಡೆತನ ಅವರಿಗೆ ಹೋದ ಮೇಲೆ ಕೆಟ್ಟಿದ್ದರೆ, ಅದಕ್ಕೆ ಪೂರೈಕೆದಾರರ ನಿರ್ಲಕ್ಷ್ಯ ಕಾರಣವಲ್ಲದಿದ್ದರೆ, ಆ ನಷ್ಟವನ್ನು ಪೂರೈಕೆದಾರರ ತಲೆಗೆ ಕಟ್ಟುವಂತಿಲ್ಲ. ಇದು ಸಂಪೂರ್ಣ ನಿಷೇಧ, ಒಪ್ಪಂದದಲ್ಲಿ ಬರೆದುಕೊಂಡಿದ್ದರೂ ನಡೆಯುವುದಿಲ್ಲ. ಹಾಗಾಗಿ ಇಡೀ ತಗಾದೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಸೊಪ್ಪು ಬಾಡಿದ್ದು ಎಲ್ಲಿ? ಉತ್ತರ ಕೊಡಬೇಕಾದ್ದು ಕಾಗದಗಳು. ಲೋಡ್ ಮಾಡುವಾಗ ಅಳೆದ ಸೊಪ್ಪಿನ ಒಳಗಿನ ತಾಪಮಾನ, ಲಾರಿಯ ತಾಪಮಾನ ಲಾಗರ್‌ನ ಪ್ರಿಂಟ್, ಲಾಟ್ ಚೀಟಿ ಕಾಣುವಂತೆ ತೆಗೆದ ಪ್ಯಾಲೆಟ್ ಫೋಟೊ, ಗೋದಾಮಿನ ಗೇಟಿಗೆ ಬಂದ ಸಮಯ, ಇಳಿಸಿ ಮುಗಿದ ಸಮಯ, ಸಹಿ ಬಿದ್ದ ಡೆಲಿವರಿ ಚಲನ್. ಇವುಗಳಲ್ಲಿ ತಪ್ಪಿಹೋಗುವುದು ಸಾಮಾನ್ಯವಾಗಿ ಸಮಯ. ಲಾರಿ ಗೇಟಿನ ಹೊರಗೆ ಮೂರು ತಾಸು ಕಾದದ್ದು ಎಲ್ಲೂ ದಾಖಲಾಗದೆ, ಚಲನ್ ಮೇಲೆ ಬರೀ ದಿನಾಂಕ ಇರುತ್ತದೆ. ಇನ್ನೊಂದು ಪೇಚು, 'ಪರಿಶೀಲನೆಗೆ ಒಳಪಟ್ಟು ಸ್ವೀಕರಿಸಲಾಗಿದೆ' ಎಂಬ ಮೊಹರು. ಪರಿಶೀಲನೆ ಯಾವಾಗ ಮುಗಿಯಬೇಕೆಂದು ಒಪ್ಪಂದದಲ್ಲಿ ಬರೆಯದಿದ್ದರೆ ಆ ಮೊಹರು ವಾರಗಟ್ಟಲೆ ಬಾಗಿಲು ತೆರೆದೇ ಇಡುತ್ತದೆ. ಸೊಪ್ಪು, ಬೆರಿ ಹಣ್ಣಿನಂಥ ಮಾಲಿಗೆ ಇಳಿಸಿದ 24 ತಾಸಿನೊಳಗೆ ತಕರಾರು ಹೇಳಬೇಕು, ಲಾಟ್ ಸಂಖ್ಯೆ ಕಾಣುವ ಫೋಟೊ ಜೊತೆಗಿರಬೇಕು, ತಿರಸ್ಕರಿಸಿದ ಮಾಲನ್ನು ನೋಡಲು ಇಲ್ಲವೇ ವಾಪಸ್ ತರಲು ಪೂರೈಕೆದಾರರಿಗೆ ಅವಕಾಶ ಇರಬೇಕು. ಈ ಮೂರು ಷರತ್ತು ಹಾಕಿಸಿಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಪ್ರಮೋಷನ್ ಪಾಲು ಬೇರೆ ಜಾತಿಯದು. ನಿರ್ದೇಶನದಲ್ಲಿ ಒಟ್ಟು 16 ಪದ್ಧತಿಗಳಿವೆ. ಹತ್ತು ಕಪ್ಪುಪಟ್ಟಿಯಲ್ಲಿ, ಯಾವ ಕಾರಣಕ್ಕೂ ಕೂಡದು. ಉಳಿದ ಆರು ಬೂದುಪಟ್ಟಿಯಲ್ಲಿ, ಮೊದಲೇ ಸ್ಪಷ್ಟವಾಗಿ, ಅನುಮಾನಕ್ಕೆಡೆಯಿಲ್ಲದಂತೆ ಒಪ್ಪಂದವಾಗಿದ್ದರೆ ಮಾತ್ರ ಸೈ. ಮಾರಾಟವಾಗದ ಮಾಲನ್ನು ಹಣ ಕೊಡದೆ ವಾಪಸ್ ಕಳಿಸುವುದು, ದಾಸ್ತಾನು ಮತ್ತು ಶೆಲ್ಫ್ ಜಾಗಕ್ಕೆ ಶುಲ್ಕ, ರಿಯಾಯಿತಿಯ ಹೊರೆ, ಜಾಹೀರಾತಿನ ಖರ್ಚು, ಮಾರ್ಕೆಟಿಂಗ್ ಖರ್ಚು, ಮಾಲು ಮಾರುವ ಜಾಗವನ್ನು ಅಣಿಗೊಳಿಸುವ ಸಿಬ್ಬಂದಿಯ ಖರ್ಚು ಈ ಗುಂಪಿನವು. ರಿಯಾಯಿತಿಯ ವಿಷಯದಲ್ಲಿ ಇನ್ನೊಂದು ನಿಯಮವಿದೆ: ಪ್ರಮೋಷನ್ ಶುರುವಾಗುವ ಮೊದಲೇ ಅದರ ಅವಧಿಯನ್ನೂ, ರಿಯಾಯಿತಿ ದರದಲ್ಲಿ ಎಷ್ಟು ಮಾಲು ತರಿಸಿಕೊಳ್ಳುವ ಅಂದಾಜಿದೆ ಎಂಬುದನ್ನೂ ಖರೀದಿದಾರರು ಹೇಳಬೇಕು. ನಮ್ಮ ಬಿಲ್ಲಿನಲ್ಲಿ ಮೊದಲು ಹೇಳಿದ ಅಂದಾಜು 1,500 ಕ್ರೇಟು ಎಂದಿಟ್ಟುಕೊಳ್ಳಿ. ಆಗ ಒಪ್ಪಿದ ಪಾಲು 525 ಯೂರೋ. 4,000ಕ್ಕೂ ಹಚ್ಚಿ 1,400 ಮುರಿದಿದ್ದರೆ ಹೆಚ್ಚುವರಿ 875ಕ್ಕೆ ಯಾವ ಆಧಾರವಿದೆ ಎಂದು ಬರಹದಲ್ಲಿ ಕೇಳಬೇಕು. ರಿಯಾಯಿತಿ ದರದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ತರಿಸಿ, ಮಿಕ್ಕಿದ್ದನ್ನು ಮುಂದಿನ ವಾರ ಪೂರ್ತಿ ಬೆಲೆಗೆ ಮಾರುವುದು ಹಳೆಯ ಚಾಳಿ. ಕೆಡದ ಮಾಲಿನಲ್ಲಿ, ಬಿಸ್ಕತ್ತು, ಡಬ್ಬಿಗಳಲ್ಲಿ ಇದು ಸಲೀಸು.

ಮೂರನೆಯ ಸಾಲಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗ್ರಾಹಕರ ದೂರನ್ನು ಪರಿಶೀಲಿಸುವ ಖರ್ಚನ್ನು, ಪೂರೈಕೆದಾರರ ತಪ್ಪಿಲ್ಲದಿದ್ದರೂ ಅವರ ಮೇಲೆ ಹಾಕುವುದು ಕಪ್ಪುಪಟ್ಟಿಯಲ್ಲಿದೆ. ಪ್ರತಿ ದೂರಿನ ದಿನಾಂಕ, ಲಾಟ್, ಕಾರಣ ಕೇಳಿ. ಇವು ಬರದಿದ್ದರೆ ಆ 450ರ ಲೆಕ್ಕ ನಿಲ್ಲುವುದಿಲ್ಲ.

ಇನ್ನು ಗಡುವು. ಕೊಯ್ಲು ಅಥವಾ ತಯಾರಿಕೆಯಾದ 30 ದಿನದೊಳಗೆ ಮಾರಾಟಕ್ಕೆ ಬಾರದಂತಾಗುವ ಮಾಲು ಬೇಗ ಕೆಡುವ ಮಾಲು. ಅದರ ಹಣಕ್ಕೆ ಗಡುವು 30 ದಿನ, ಉಳಿದ ಆಹಾರಕ್ಕೆ 60. ದಿನ ಎಣಿಸುವುದು ಎಲ್ಲಿಂದ ಎಂಬುದರಲ್ಲೇ ಎಡವುತ್ತಾರೆ. ನಿರಂತರ ಪೂರೈಕೆಯಾದರೆ ಒಪ್ಪಿದ ಡೆಲಿವರಿ ಅವಧಿಯ ಕೊನೆಯ ದಿನದಿಂದ ಎಣಿಕೆ, ಆ ಅವಧಿ ಒಂದು ತಿಂಗಳು ಮೀರುವಂತಿಲ್ಲ. ಮಾರ್ಚ್ 1ರಿಂದ 31ರವರೆಗೆ ಕೊಟ್ಟ ಸೊಪ್ಪಿನ ಹಣ ಏಪ್ರಿಲ್ 30ರೊಳಗೆ ಬರಬೇಕು. ಕೊಡಬೇಕಾದ ಮೊತ್ತ ಏಪ್ರಿಲ್ 4ರಂದು ನಿಗದಿಯಾದರೆ ಗಡುವು ಮೇ 4ಕ್ಕೆ ಸರಿಯುತ್ತದೆ, ಏಕೆಂದರೆ ಎರಡರಲ್ಲಿ ತಡವಾದದ್ದು ಲೆಕ್ಕಕ್ಕೆ. ಹಾಗಾದರೆ ಮೊತ್ತ ನಿಗದಿ ಮಾಡುವುದನ್ನೇ ಮುಂದೂಡಬಹುದಲ್ಲ? ಅದಕ್ಕೂ ಕೊಕ್ಕೆ ಇದೆ. ಮೊತ್ತ ನಿಗದಿ ಮಾಡುವುದು ಖರೀದಿದಾರರೇ ಆದರೆ ಎಣಿಕೆ ನೇರವಾಗಿ ಡೆಲಿವರಿ ಅವಧಿ ಮುಗಿದಲ್ಲಿಂದಲೇ. ಬಿಡಿ ಪೂರೈಕೆಯಾದರೆ ಡೆಲಿವರಿಯಾದ ದಿನದಿಂದ. ಗಡುವು ಮೀರಿದರೆ ತಡ ಪಾವತಿಯ ಹಿಂದಿನ ನಿರ್ದೇಶನದಂತೆ, ಅಂದರೆ 2011/7ರಂತೆ, ಬಡ್ಡಿ ಬೀಳುತ್ತದೆ: ಕೇಂದ್ರ ಬ್ಯಾಂಕಿನ ಮೂಲ ಬಡ್ಡಿ ದರದ ಮೇಲೆ ಕನಿಷ್ಠ 8 ಶೇಕಡಾ ಅಂಶ, ಜೊತೆಗೆ ವಸೂಲಿ ಖರ್ಚಿಗೆ ಕನಿಷ್ಠ 40 ಯೂರೋ. ಸಣ್ಣ ಪೂರೈಕೆದಾರರು ಈ ಬಡ್ಡಿಯನ್ನು ಕೇಳುವುದೇ ಇಲ್ಲ, ಗಿರಾಕಿ ಮುನಿಸಿಕೊಂಡಾರೆಂದು. ಕೇಳದಿದ್ದರೂ ಪ್ರತಿ ತಿಂಗಳು ಬಾಕಿಪಟ್ಟಿಯಲ್ಲಿ ತೋರಿಸುತ್ತಾ ಬರುವುದು ಒಳ್ಳೆಯದು.

ಆರ್ಡರ್ ರದ್ದತಿಯ ನಿಯಮ ಓದಲು ಗಟ್ಟಿ, ನಡೆಸಲು ಕಷ್ಟ. ಬೇಗ ಕೆಡುವ ಮಾಲಿನ ಆರ್ಡರನ್ನು ಬೇರೆ ಗಿರಾಕಿ ಸಿಗದಷ್ಟು ತಡವಾಗಿ ರದ್ದು ಮಾಡಬಾರದು, 30 ದಿನಕ್ಕಿಂತ ಕಡಿಮೆ ಮುನ್ಸೂಚನೆ ಯಾವತ್ತೂ ತಡವೇ. ಆದರೆ ಸೊಪ್ಪು ತರಕಾರಿಯಲ್ಲಿ ಪಕ್ಕಾ ಆರ್ಡರ್ ಬರುವುದು ಹಿಂದಿನ ಸಂಜೆ. ಅದಕ್ಕೂ ಮುಂಚೆ ಕೈಯಲ್ಲಿರುವುದು ಅಂದಾಜು ಪಟ್ಟಿ ಮಾತ್ರ. ಅಂದಾಜು 1,000 ಕ್ರೇಟು, ಆರ್ಡರ್ 600 ಎಂದಾದರೆ 'ನಾವು ಏನನ್ನೂ ರದ್ದು ಮಾಡಿಲ್ಲ' ಎಂದು ಖರೀದಿದಾರರು ವಾದಿಸುತ್ತಾರೆ. ಗಿಡ ನಾಟಿಯಾಗಿರುವುದು ವಾರಗಟ್ಟಲೆ ಹಿಂದೆ, ಆ 1,000ವನ್ನು ನಂಬಿ. ಪರಿಹಾರ ಕಾನೂನಿನಲ್ಲಿ ಹುಡುಕುವುದಕ್ಕಿಂತ ಒಪ್ಪಂದದಲ್ಲಿ ಹಾಕಿಸುವುದು ಲೇಸು: ನಾಟಿ ವೇಳಾಪಟ್ಟಿಯನ್ನು ಒಪ್ಪಂದಕ್ಕೆ ಲಗತ್ತಿಸಿ, ವಾರದ ಪ್ರಮಾಣ ಅಂದಾಜಿಗಿಂತ ಶೇ 10ಕ್ಕೂ ಹೆಚ್ಚು ಕೆಳಗಿಳಿದರೆ ವ್ಯತ್ಯಾಸಕ್ಕೆ ಇಷ್ಟು ಪರಿಹಾರ ಎಂದು ಬರೆಸಿ. ಲಿಖಿತ ಒಪ್ಪಂದವೇ ಇಲ್ಲವೆಂದರೆ ಮೊದಲು ಅದನ್ನು ಕೇಳಿ. ಬಾಯಿಮಾತಿನ ಷರತ್ತುಗಳನ್ನು ಬರಹದಲ್ಲಿ ಖಚಿತಪಡಿಸಲು ಪೂರೈಕೆದಾರರು ಕೇಳಿದಾಗ ನಿರಾಕರಿಸುವುದೂ ಕಪ್ಪುಪಟ್ಟಿಯಲ್ಲಿದೆ. ಪೂರೈಕೆಯ ಪ್ರಮಾಣ, ಜಾಗ, ಗುಣಮಟ್ಟ, ದರ, ಪಾವತಿ ಷರತ್ತುಗಳನ್ನು ಒಬ್ಬರೇ ಕೂತು ಬದಲಿಸುವುದೂ ಅಲ್ಲೇ ಇದೆ.

ಈ ರಕ್ಷಣೆ ಎಲ್ಲರಿಗೂ ಸಿಗುವುದಿಲ್ಲ. ವಾರ್ಷಿಕ ವಹಿವಾಟಿನ ಮೆಟ್ಟಿಲುಗಳಿವೆ: 20 ಲಕ್ಷ, 1 ಕೋಟಿ, 5 ಕೋಟಿ, 15 ಕೋಟಿ, 35 ಕೋಟಿ ಯೂರೋ. ಪೂರೈಕೆದಾರರು ಯಾವ ಮೆಟ್ಟಿಲಿನ ಒಳಗಿದ್ದಾರೋ ಖರೀದಿದಾರರು ಅದನ್ನು ದಾಟಿರಬೇಕು. 80 ಲಕ್ಷ ವಹಿವಾಟಿನ ಪ್ಯಾಕಿಂಗ್ ಘಟಕಕ್ಕೆ 90 ಲಕ್ಷದ ಖರೀದಿದಾರರ ವಿರುದ್ಧ ರಕ್ಷಣೆ ಇಲ್ಲ, 1 ಕೋಟಿ ದಾಟಿದವರ ವಿರುದ್ಧ ಇದೆ. ವಹಿವಾಟು ಎಣಿಸುವಾಗ ಒಂದೇ ಗುಂಪಿನ ಕಂಪನಿಗಳನ್ನು ಸೇರಿಸಿ ನೋಡಬೇಕು, ಖರೀದಿಗೆಂದೇ ಸ್ಥಾಪಿಸಿದ ಸಣ್ಣ ಅಂಗಸಂಸ್ಥೆಯ ಅಂಕಿ ತೋರಿಸಿದರೆ ಅಲ್ಲಿಗೇ ನಿಲ್ಲಬೇಡಿ. ಖರೀದಿದಾರರು ಸರ್ಕಾರಿ ಸಂಸ್ಥೆಯಾದರೆ ಅದರ ವಹಿವಾಟು ಎಷ್ಟೆಂಬ ಪ್ರಶ್ನೆ ಬರುವುದಿಲ್ಲ. ಇಬ್ಬರಲ್ಲಿ ಒಬ್ಬರು ಒಕ್ಕೂಟದೊಳಗೆ ಇದ್ದರೆ ಸಾಕು, ಹಾಗಾಗಿ ಹೊರಗಿನ ದೇಶದಿಂದ ಹಣ್ಣು ತರಕಾರಿ ಕಳಿಸುವವರಿಗೂ ಇದು ಅನ್ವಯ. ಒಪ್ಪಂದಕ್ಕೆ ಬೇರೆ ದೇಶದ ಕಾನೂನು ಅನ್ವಯವಾಗುತ್ತದೆ ಎಂದು ಬರೆಸಿಕೊಂಡರೂ ನಿಷೇಧಗಳಿಂದ ತಪ್ಪಿಸಿಕೊಳ್ಳಲಾಗದು.

ಬೂದುಪಟ್ಟಿಯೇ ಈ ಕಾನೂನಿನ ದುರ್ಬಲ ಭಾಗ ಎಂದು ನಾನು ನಂಬುತ್ತೇನೆ. ಇಲ್ಲ ಎನ್ನಲಾಗದವರ ಕೈಯಿಂದ ಪಡೆದ 'ಮೊದಲೇ ಆದ ಒಪ್ಪಿಗೆ'ಗೆ ಎಷ್ಟು ಬೆಲೆ? ಜರ್ಮನಿ ಇದನ್ನು ಅರಿತು, ಮಾರಾಟವಾಗದ ಮಾಲಿನ ವಾಪಸಾತಿಯನ್ನೂ ದಾಸ್ತಾನು ಖರ್ಚಿನ ವಸೂಲಿಯನ್ನೂ ಪೂರ್ತಿ ನಿಷೇಧಿಸಿತು. ಸ್ಪೇನ್ ದರದ ವಿಷಯಕ್ಕೇ ಕೈಹಾಕಿ, ಸರಪಳಿಯ ಪ್ರತಿ ಕೊಂಡಿಯಲ್ಲೂ ಕೊಡುವ ಬೆಲೆ ಹಿಂದಿನ ಕೊಂಡಿಯ ಉತ್ಪಾದನಾ ವೆಚ್ಚಕ್ಕಿಂತ ಕೆಳಗಿಳಿಯಬಾರದು ಎಂದಿತು. ನಿರ್ದೇಶನ ಕನಿಷ್ಠ ಮಟ್ಟ ಮಾತ್ರ. ಅದಕ್ಕೇ ದೂರಿಗೆ ಮುನ್ನ ಆಯಾ ದೇಶದ ಕಾನೂನು ಓದಲೇಬೇಕು.

ಕಾನೂನಿಗೂ ಮುಂಚೆ ಸ್ವಯಂಪ್ರೇರಿತ ದಾರಿಯೊಂದನ್ನು ನೋಡಿದ್ದರು. 2013ರಲ್ಲಿ ಸಪ್ಲೈ ಚೈನ್ ಇನಿಶಿಯೇಟಿವ್ ಎಂಬ ವ್ಯವಸ್ಥೆ ಶುರುವಾಯಿತು. ಗುಟ್ಟಾಗಿ ದೂರು ಕೊಡಲು, ತಪ್ಪಿಗೆ ದಂಡ ಹಾಕಲು ಗಟ್ಟಿ ವ್ಯವಸ್ಥೆ ಇಲ್ಲವೆಂದು ಯುರೋಪಿನ ರೈತ ಸಂಘಟನೆಗಳ ಒಕ್ಕೂಟ ಕೋಪಾ-ಕೊಜೆಕಾ ಅದರಿಂದ ದೂರ ಉಳಿಯಿತು. ಭಯ ಇರುವಲ್ಲಿ ಒಳ್ಳೆಯ ಮಾತಿನ ಸಂಹಿತೆ ಕೆಲಸಕ್ಕೆ ಬರುವುದಿಲ್ಲ. ದಂಡದ ಬಲ ಏನು ಮಾಡಬಲ್ಲದೆಂಬುದಕ್ಕೆ ಪೋಲೆಂಡ್ ನೋಡಿ: 2020ರ ಡಿಸೆಂಬರ್‌ನಲ್ಲಿ ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಬಿಯೆಡ್ರೊಂಕಾ ಮಳಿಗೆಗಳ ಮಾಲೀಕ ಕಂಪನಿಗೆ 72 ಕೋಟಿ ಜ್ಲೋಟಿಗೂ ಹೆಚ್ಚು ದಂಡ ಹಾಕಿತು. ಒಪ್ಪಂದದಲ್ಲಿ ಇಲ್ಲದ ರಿಯಾಯಿತಿಯನ್ನು, ಮಾಲು ಕೊಟ್ಟಾದ ಮೇಲೆ ಕೇಳಿ ಮುರಿದುಕೊಂಡದ್ದೇ ಆರೋಪ.

ಬ್ರಿಟನ್ನಿನಲ್ಲಿ 2013ರಿಂದ ಗ್ರೋಸರೀಸ್ ಕೋಡ್ ಅಡ್ಜುಡಿಕೇಟರ್, ಅಂದರೆ ಸರಣಿಗಳು ಪೂರೈಕೆದಾರರೊಡನೆ ನಡೆದುಕೊಳ್ಳುವ ಸಂಹಿತೆಯ ಮೇಲ್ವಿಚಾರಕರು, ಇದ್ದಾರೆ. ದಿನಸಿ ವಹಿವಾಟು 100 ಕೋಟಿ ಪೌಂಡ್ ದಾಟಿದ ಸರಣಿಗಳು ಅವರ ಕಣ್ಣಳತೆಯಲ್ಲಿವೆ, ದಂಡ ಬ್ರಿಟನ್ನಿನ ವಹಿವಾಟಿನ ಶೇ 1ರವರೆಗೆ. 2016ರ ಜನವರಿಯಲ್ಲಿ ಟೆಸ್ಕೊ ಸರಣಿಯ ಬಗ್ಗೆ ಬಂದ ಅವರ ವರದಿ ಎಲ್ಲ ಪೂರೈಕೆದಾರರೂ ಓದಬೇಕಾದದ್ದು. ದರ ಬದಲಾವಣೆ ಕಂಪ್ಯೂಟರಿನಲ್ಲಿ ತಪ್ಪಾಗಿ ದಾಖಲಾಗಿ ಲಕ್ಷಾಂತರ ಪೌಂಡ್ ಬಾಕಿ ಉಳಿದು, ಅದು ಪೂರೈಕೆದಾರರ ಕೈಸೇರಲು ವರ್ಷಕ್ಕೂ ಹೆಚ್ಚು ಹಿಡಿದಿತ್ತು. ಆ ಅವಧಿಗೆ ದಂಡದ ಅಧಿಕಾರ ಇನ್ನೂ ಇರಲಿಲ್ಲ, ಆದರೆ ವಿಧಿಸಿದ ಕ್ರಮಗಳು ದಂಡಕ್ಕಿಂತ ಉಪಯುಕ್ತ: ಕಡಿತ ಮಾಡುವ ಮೊದಲು 30 ದಿನ ತಕರಾರಿಗೆ ಅವಕಾಶ, ತಕರಾರು ಬಂದರೆ ಕಡಿತವಿಲ್ಲ, ದರದ ತಪ್ಪು ತಿಳಿಸಿದ 7 ದಿನದಲ್ಲಿ ಸರಿಯಾಗಬೇಕು. ಈ ಮೂರನ್ನು ಯಾವ ದೇಶದ ಪೂರೈಕೆ ಒಪ್ಪಂದಕ್ಕೂ ಹಾಗೆಯೇ ಎತ್ತಿಕೊಳ್ಳಬಹುದು.

ಐರೋಪ್ಯ ನಿರ್ದೇಶನದಡಿ ದೂರು ಕೊಡುವುದಾದರೆ ಪೂರೈಕೆದಾರರು ತಮ್ಮ ದೇಶದ ಪ್ರಾಧಿಕಾರಕ್ಕೂ ಕೊಡಬಹುದು, ಖರೀದಿದಾರರ ದೇಶದ್ದಕ್ಕೂ ಕೊಡಬಹುದು. ಆ ಪ್ರಾಧಿಕಾರ ಜರ್ಮನಿಯಲ್ಲಿ ಬಿಎಲ್ಇ ಎಂಬ ಕೃಷಿ ಮತ್ತು ಆಹಾರ ಕಚೇರಿ, ಸ್ಪೇನಿನಲ್ಲಿ ಎಐಸಿಎ ಎಂಬ ಆಹಾರ ನಿಯಂತ್ರಣ ಸಂಸ್ಥೆ. ಹೆಸರು ಗುಟ್ಟಾಗಿಡಿ ಎಂದು ಕೋರಿದರೆ ಪ್ರಾಧಿಕಾರ ಅದಕ್ಕೆ ತಕ್ಕ ಕ್ರಮ ಕೈಗೊಳ್ಳಬೇಕು, ಆದರೆ ಯಾವ ಯಾವ ಮಾಹಿತಿ ಗುಟ್ಟು ಎಂದು ಗುರುತಿಸಿ ಕೊಡಬೇಕಾದವರು ದೂರುದಾರರು. ಹೆಸರು ಅಳಿಸಿದರೆ ಸಾಲದು. ಬಿಲ್ ಸಂಖ್ಯೆ, ಲಾಟ್ ಸಂಖ್ಯೆ, ಕ್ರೇಟಿನ ಅಳತೆ, ಒಬ್ಬರೇ ಬೆಳೆಯುವ ತಳಿ, ಇವುಗಳಲ್ಲಿ ಒಂದು ಸಾಕು ಯಾರೆಂದು ಗೊತ್ತಾಗಲು. ಅದಕ್ಕೇ ಬೆಳೆಗಾರರ ಸಂಘದ ಮೂಲಕ, ಒಂದೇ ಬಗೆಯ ಕಡಿತ ಅನುಭವಿಸಿದ ಹಲವರ ಕಾಗದಗಳನ್ನು ಒಟ್ಟುಮಾಡಿ ಕೊಡುವ ದಾರಿ ಹೆಚ್ಚು ಸುರಕ್ಷಿತ. ನಿರ್ದೇಶನ ಅದಕ್ಕೆ ಅವಕಾಶ ಕೊಟ್ಟಿದೆ. ಸೇಡು ತೀರಿಸಿಕೊಳ್ಳುವುದೂ, ಹಾಗೆಂದು ಬೆದರಿಸುವುದೂ ನಿಷಿದ್ಧ. ಆದರೆ ಸೇಡು ಬೆದರಿಕೆಯ ಪತ್ರವಾಗಿ ಬರುವುದಿಲ್ಲ, ಆರ್ಡರ್ ವಾರದಿಂದ ವಾರಕ್ಕೆ ಕರಗುತ್ತಾ ಹೋಗುತ್ತದೆ. ಅದನ್ನು ತೋರಿಸಲು ದೂರಿಗೆ ಮುಂಚಿನ ಕನಿಷ್ಠ ಒಂದು ವರ್ಷದ ವಾರವಾರದ ಆರ್ಡರ್ ಪ್ರಮಾಣ, ಅದೇ ವಾರಗಳ ಅಂದಾಜು ಪಟ್ಟಿ, ತಿರಸ್ಕೃತ ಕ್ರೇಟುಗಳ ಲೆಕ್ಕ ಬೇಕು. ಹಂಗಾಮಿನ ಏರಿಳಿತ ಬೇರೆ, ದೂರಿನ ನಂತರದ ಇಳಿತ ಬೇರೆ ಎಂದು ತೋರಿಸಲು ಹಿಂದಿನ ವರ್ಷದ ಅದೇ ವಾರ ಪಕ್ಕದಲ್ಲಿರಬೇಕು. ಈ ಲೆಕ್ಕದ ಪುಸ್ತಕ ಬರೆಯಲು ಶುರುಮಾಡಬೇಕಾದ್ದು ಜಗಳ ಹುಟ್ಟಿದ ದಿನವಲ್ಲ, ಮೊದಲ ಲೋಡ್ ಹೋದ ದಿನ.